ಹುಡುಗಿ ಗಿಡ್ಡವಲ್ಲ, ಸೈಕಲ್ಲಿನ ಅಳತೆ ತಪ್ಪು

ನೂಲಿನ ಗಿರಣಿಯಲ್ಲಿ ದುಡಿಯುವ ಮಿತ್ರರೊಬ್ಬರು ಕಳೆದ ಭಾನುವಾರ ನಮ್ಮ ಕಚೇರಿಗೆ ಬಂದಿದ್ದರು. ಬೋನಸ್ಸಿನ ತಕರಾರೋ ಪಾಳಿಯ ತಕರಾರೋ ಇರಬೇಕೆಂದು ನಾವು ಕಾಗದ ಲೇಖಣಿ ಹಿಡಿದು ಕುಳಿತೆವು. ಅವರು ಹೇಳಿದ್ದು ಬೇರೆಯೇ ಸಂಗತಿ. ಕಾಲೇಜಿನಲ್ಲಿ ಓದುತ್ತಿರುವ ಅವರ ಮಗಳು ಸೈಕಲ್ ಓಟದಲ್ಲಿ ಚುರುಕು. ಎರವಲು ಸೈಕಲ್ಲಿನ ಮೇಲೆಯೇ ಒಂದೆರಡು ಪಂದ್ಯ ಗೆದ್ದಳು. ತಂದೆ ಬೋನಸ್ಸಿನ ಹಣಕ್ಕೆ ಸೊಸೈಟಿಯ ಸಾಲ ಸೇರಿಸಿ, ನಲವತ್ತು ಸಾವಿರ ರೂಪಾಯಿ ಕೊಟ್ಟು, ಬಾಗಿದ ಹ್ಯಾಂಡಲಿನ ರೇಸ್ ಸೈಕಲ್ ತಂದುಕೊಟ್ಟರು. ಮೂರು ತಿಂಗಳು ಕಳೆಯುವುದರೊಳಗೆ ಹುಡುಗಿಗೆ ಮಂಡಿನೋವು ಬಂತು, ಅಂಗೈ ಜೋಮು ಹಿಡಿಯಿತು, ಕುತ್ತಿಗೆ ಹಿಡಿದುಕೊಂಡಿತು. ಈಗ ಸೈಕಲ್ ಗೋಡೆಗೆ ಒರಗಿ ನಿಂತಿದೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಸಂಬಳದಲ್ಲಿ ಹಿಡಿಯುತ್ತಿದೆ.

"ಅಂಗಡಿಯವರನ್ನು ಕೇಳಿದರೆ, ನಿಮ್ಮ ಹುಡುಗಿ ಗಿಡ್ಡ, ನಾವೇನು ಮಾಡೋಣ ಅಂತಾರೆ ಸ್ವಾಮಿ. ಇದರಲ್ಲಿ ನನ್ನ ಮಗಳ ತಪ್ಪೇನು ಹೇಳಿ?" ಎಂದು ಅವರು ಕೇಳಿದರು.

ಆ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಬೆಲೆಯೇರಿಕೆ, ಮುಚ್ಚಿದ ಗಿರಣಿಗಳು, ಗುತ್ತಿಗೆ ಕೂಲಿ ಇವೆಲ್ಲ ಕಣ್ಣೆದುರಿಗಿರುವಾಗ ಹುಡುಗಿಯೊಬ್ಬಳ ಸೈಕಲ್ಲಿನ ವಿಚಾರ ಸಮಾಜವಾದಿ ಪತ್ರಿಕೆಗೆ ಯಾಕೆ, ಎಂದು ಕೆಲವು ಓದುಗ ಬಂಧುಗಳು ಕೇಳಬಹುದು. ಲೋಹಿಯಾ ಅವರು ತಮ್ಮ ಸಪ್ತಕ್ರಾಂತಿಯಲ್ಲಿ ಹೆಣ್ಣು ಗಂಡಿನ ಸಮಾನತೆಯನ್ನು ಸೇರಿಸಿದ್ದರು. ಹೊಗೆ ಕಾರುವ ಒಲೆ, ಹೆಂಗಸರಿಗೆ ಶೌಚಾಲಯವಿಲ್ಲದ ಬವಣೆ, ಇವನ್ನು ರಾಜಕಾರಣದ ಪ್ರಶ್ನೆಗಳನ್ನಾಗಿ ಎತ್ತಿದವರೂ ಅವರೇ. ಹೆಣ್ಣುಮಗಳು ದಿನವೂ ಮುಟ್ಟುವ ಸಾಮಾನು ಅವಳ ಮೈಗೆ ಒಪ್ಪುತ್ತದೋ ಇಲ್ಲವೋ ಎಂಬುದು ಸಣ್ಣ ಮಾತು ಎನ್ನುವವರು ಆ ಸಾಮಾನನ್ನು ಮುಟ್ಟಿದವರಲ್ಲ.

ನಮ್ಮಲ್ಲಿ ಬಹಳ ಮಂದಿ ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ತಂದ ದೊಡ್ಡವರ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಮೈ ವಾರೆ ಮಾಡಿ ತುಳಿದು ಕಲಿತವರು. ಬೆಳೆದ ಮೇಲೆ ಸೀಟಿನ ಮೇಲೆ ಕೂತೆವು, ಆ ಕಷ್ಟ ಮರೆತೆವು. ಆದರೆ ಇಪ್ಪತ್ತು ವರ್ಷದ ಹುಡುಗಿ ಇನ್ನು ಬೆಳೆಯುವವಳಲ್ಲ. ಸೈಕಲ್ ಅವಳ ಅಳತೆಗೆ ಬರದಿದ್ದರೆ ಅವಳು ಜೀವಮಾನವೆಲ್ಲ ಮೈ ವಾರೆ ಮಾಡಿಕೊಂಡೇ ತುಳಿಯಬೇಕು, ಇಲ್ಲವೆ ಬಿಟ್ಟುಬಿಡಬೇಕು.

ಅಂಗಡಿಯಲ್ಲಿ ನಡೆಯುವುದೇನು ನೋಡಿ. ಹುಡುಗಿಯನ್ನು ಸೈಕಲ್ ಹತ್ತಿಸುತ್ತಾರೆ, ಸೀಟನ್ನು ಕೆಳಕ್ಕೆ ಇಳಿಸುತ್ತಾರೆ, ಕಾಲು ನೆಲಕ್ಕೆ ಮುಟ್ಟಿತೆಂದರೆ "ಸರಿಹೋಯಿತು" ಎನ್ನುತ್ತಾರೆ. ಕಾಲು ನೆಲ ಮುಟ್ಟುವುದು ಒಂದು ಅಳತೆ, ಕೈ ಹ್ಯಾಂಡಲ್ ಮುಟ್ಟುವುದು ಇನ್ನೊಂದು ಅಳತೆ. ಸೀಟು ಇಳಿಸಿದರೆ ಮೊದಲನೆಯದು ಸರಿಹೋದೀತು. ಸೀಟಿನಿಂದ ಹ್ಯಾಂಡಲಿಗಿರುವ ದೂರ ಅದರಿಂದ ಸಾಕಷ್ಟು ಕಡಿಮೆಯಾಗುವುದಿಲ್ಲ. ಹುಡುಗಿ ತೋಳನ್ನು ಸೆಟೆದು ಚಾಚಿ, ಮೈಭಾರವನ್ನೆಲ್ಲ ಅಂಗೈ ಮೇಲೆ ಹೊತ್ತು ಕೂರುತ್ತಾಳೆ. ಅಂಗೈ ಜೋಮು ಮತ್ತು ಕುತ್ತಿಗೆ ಹಿಡಿತ ಬರುವುದು ಇಲ್ಲಿಂದ. "ಸೀಟನ್ನು ಮುಂದಕ್ಕೆ ತಳ್ಳಿ" ಎನ್ನುವವರೂ ಇದ್ದಾರೆ. ತೀರ ಮುಂದೆ ತಳ್ಳಿದರೆ ಮಂಡಿ ಪೆಡಲನ್ನು ದಾಟಿ ಮುಂದೆ ಹೋಗುತ್ತದೆ, ಭಾರ ಮಂಡಿಯ ಮೇಲೆ ಬೀಳುತ್ತದೆ.

ಹಾಗಾದರೆ ಚಿಕ್ಕ ಫ್ರೇಮಿನ ಸೈಕಲ್ ಕೊಂಡರಾಯಿತಲ್ಲ ಎಂದರೆ, ಅಲ್ಲಿಯೂ ಒಂದು ಮೋಸವಿದೆ. ಹೆಚ್ಚಿನ ರೇಸ್ ಸೈಕಲ್ಲುಗಳಲ್ಲಿ ಚಕ್ರ ಎಲ್ಲರಿಗೂ ಒಂದೇ. ರಿಮ್ಮಿನಲ್ಲಿ ಟಯರು ಕೂರುವ ಜಾಗದ ಅಡ್ಡಳತೆ 622 ಮಿಲಿಮೀಟರು. ಟಯರು ಸೇರಿದರೆ ಚಕ್ರ 67–68 ಸೆಂಟಿಮೀಟರು ಎತ್ತರ ನಿಲ್ಲುತ್ತದೆ. ಆರಡಿ ಆಳಿಗೂ ಅದೇ ಚಕ್ರ, ಐದಡಿ ಮುಟ್ಟದ ಹುಡುಗಿಗೂ ಅದೇ ಚಕ್ರ. ಫ್ರೇಮನ್ನು ಕಿರಿದು ಮಾಡುತ್ತ ಹೋದರೆ ತಿರುವಿನಲ್ಲಿ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಗುಲುತ್ತದೆ. ಅದನ್ನು ತಪ್ಪಿಸಲು ತಯಾರಕರು ಮುಂದಿನ ಫೋರ್ಕನ್ನು ಇನ್ನಷ್ಟು ಓರೆಯಾಗಿ ಮುಂದಕ್ಕೆ ಚಾಚುತ್ತಾರೆ. ಸೀಟಿನ ಕೊಳವೆಯನ್ನೋ ಹೆಚ್ಚು ನೆಟ್ಟಗೆ ನಿಲ್ಲಿಸುತ್ತಾರೆ. ಹೀಗೆ ನೆಟ್ಟಗೆ ಮಾಡಿದ್ದರಿಂದ ಮೇಲಿನ ಬಾರು ಪಟ್ಟಿಯಲ್ಲಿ ಗಿಡ್ಡವಾಗಿ ಕಾಣುತ್ತದೆ. ಆದರೆ ತುಳಿಯುವವಳು ಮಂಡಿಗೆ ಸರಿಯಾಗಿ ಸೀಟನ್ನು ಹಿಂದಕ್ಕೆ ಸರಿಸಿದ ಕೂಡಲೇ ಉಳಿದ ದೂರವೆಲ್ಲ ತಿರುಗಿ ಬರುತ್ತದೆ. ಈ ಹುಡುಗಿಯ ಸೀಟಿನ ಎತ್ತರದಲ್ಲಿ ಕೊಳವೆಯ ಒಂದು ಡಿಗ್ರಿ ವ್ಯತ್ಯಾಸವೆಂದರೆ ಸುಮಾರು ಒಂದು ಸೆಂಟಿಮೀಟರು. ಎರಡು ಡಿಗ್ರಿ ನೆಟ್ಟಗೆ ಮಾಡಿ ಎರಡು ಸೆಂಟಿಮೀಟರು ಗಿಡ್ಡವೆಂದು ಹೇಳಿದರೆ, ಕೊಂಡವಳಿಗೆ ಸಿಕ್ಕಿದ್ದು ಸೊನ್ನೆ. ತಕ್ಕಡಿಯ ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸುವ ವ್ಯಾಪಾರವನ್ನು ನಾವು ಕಂಡಿದ್ದೇವೆ. ಇದೂ ಆ ಜಾತಿಯದೇ.

ಇನ್ನು ಪೆಡಲಿನ ತೋಳು, ಅಂದರೆ ಕ್ರ್ಯಾಂಕು. 170 ಅಥವಾ 172.5 ಮಿಲಿಮೀಟರಿನದು ಸಾಮಾನ್ಯ, ಎತ್ತರದ ಗಂಡಸರ ಸೈಕಲ್ಲಿಗೆ 175 ಹಾಕುತ್ತಾರೆ. ಶಾಲೆಯಲ್ಲಿ ಕಲಿತ ತ್ರೈರಾಶಿ ಹಾಕಿ ನೋಡೋಣ. 180 ಸೆಂಟಿಮೀಟರು ಎತ್ತರದ ಆಳಿಗೆ 175 ಆದರೆ, 150 ಸೆಂಟಿಮೀಟರಿನ ಹುಡುಗಿಗೆ ಎಷ್ಟು? ಸುಮಾರು 146. ಅವಳ ಸೈಕಲ್ಲಿನಲ್ಲಿರುವುದೋ 170. ಮನುಷ್ಯನ ಕಾಲು ತ್ರೈರಾಶಿಯಂತೆ ಕಟ್ಟುನಿಟ್ಟಾಗಿ ಬೆಳೆಯುವುದಿಲ್ಲ, ನಿಜ. ಆದರೂ ತೋಳು ಇಷ್ಟು ಉದ್ದವಾದರೆ ಪ್ರತಿ ಸುತ್ತಿಗೂ ಮಂಡಿ ಹೊಟ್ಟೆಯ ಕಡೆಗೆ ಒತ್ತಿ ಮಡಚುತ್ತದೆ. ಒಂದು ನಿಮಿಷಕ್ಕೆ ಎಂಬತ್ತು ಸುತ್ತು ತುಳಿದರೆ ಒಂದು ಗಂಟೆಗೆ 4,800 ಸುತ್ತು. ಗಿರಣಿಯಲ್ಲಿ ಒಂದೇ ಚಲನೆಯನ್ನು ಪಾಳಿಯುದ್ದಕ್ಕೂ ಮಾಡಿ ಕೀಲು ಕಳೆದುಕೊಂಡವರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. 165, 160, 155ರ ಕ್ರ್ಯಾಂಕುಗಳೂ ತಯಾರಾಗುತ್ತವೆ. ಅವು ನಮ್ಮಂಥ ಊರಿನ ಅಂಗಡಿಯ ಕಪಾಟಿಗೆ ಬರುವುದಿಲ್ಲ, ಅಷ್ಟೆ.

ಎಲ್ಲಕ್ಕಿಂತ ಅಪಾಯದ್ದು ಬ್ರೇಕು. ಬಾಗಿದ ಹ್ಯಾಂಡಲಿನ ಬ್ರೇಕಿನ ಹಿಡಿ ದೊಡ್ಡ ಕೈಗೆ ಮಾಡಿದ್ದು. ಚಿಕ್ಕ ಕೈಯವರಿಗೆ ಬೆರಳ ತುದಿ ಮಾತ್ರ ತಾಗುತ್ತದೆ. ಇಳಿಜಾರಿನಲ್ಲಿ ಲಾರಿ ಅಡ್ಡ ಬಂದಾಗ ಬೆರಳ ತುದಿಯಿಂದ ಬ್ರೇಕು ಹಿಡಿಯುವುದೆಂದರೆ ಪ್ರಾಣದ ಮಾತು. ಹಲವು ಹಿಡಿಗಳಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ. ಅದನ್ನು ತಿರುಗಿಸಿದರೆ ಹಿಡಿ ಹತ್ತಿರ ಬರುತ್ತದೆ. ಎರಡು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ. ನಮ್ಮ ಮಿತ್ರರ ಮಗಳಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಈಗ ಆ ಹುಡುಗಿ ಗಿಡ್ಡವೋ ಅಲ್ಲವೋ ನೋಡೋಣ. ಅವಳ ಎತ್ತರ ನಾಲ್ಕಡಿ ಹನ್ನೊಂದಂಗುಲ, ಅಂದರೆ 150 ಸೆಂಟಿಮೀಟರು. ಜಗತ್ತಿನ ದೇಶಗಳ ಎತ್ತರವನ್ನು ಲೆಕ್ಕ ಹಾಕಿ 2016ರಲ್ಲಿ ವಿಜ್ಞಾನಿಗಳು ಒಂದು ವರದಿ ಪ್ರಕಟಿಸಿದರು. ಅದರ ಪ್ರಕಾರ 1996ರಲ್ಲಿ ಹುಟ್ಟಿದ ಭಾರತದ ಹೆಂಗಸರ ಸರಾಸರಿ ಎತ್ತರ 152.6 ಸೆಂಟಿಮೀಟರು, ಗಂಡಸರದು 164.9. ಅದೇ ವರ್ಷ ಹುಟ್ಟಿದ ಹಾಲೆಂಡಿನ ಗಂಡಸಿನ ಸರಾಸರಿ 182.5. ಹಲವು ಕಂಪನಿಗಳ ರೇಸ್ ಸೈಕಲ್ಲಿನ ಅತಿ ಚಿಕ್ಕ ಅಳತೆಯೇ 152, 155 ಸೆಂಟಿಮೀಟರಿನವರಿಂದ ಶುರುವಾಗುತ್ತದೆ. ಅಂದರೆ ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಆಕೆ ಗಿಡ್ಡವಲ್ಲ, ಈ ನಾಡಿನ ಸಾಧಾರಣ ಎತ್ತರದ ಹುಡುಗಿ. ಬೇರೆ ನಾಡಿನ ಗಂಡಸಿನ ಮೈಗೆ ಟೇಪು ಹಿಡಿದು ಮಾಡಿದ ಯಂತ್ರದ ಮುಂದೆ ನಿಲ್ಲಿಸಿ ಅವಳನ್ನು ಗಿಡ್ಡ ಎನ್ನುತ್ತಿದ್ದೇವೆ.

"ಹೆಂಗಸರಿಗೆಂದೇ ಲೇಡೀಸ್ ಸೈಕಲ್ ಇದೆಯಲ್ಲ" ಎಂದು ಕೇಳುವವರಿದ್ದಾರೆ. ಲೇಡೀಸ್ ಸೈಕಲ್ಲಿನ ಬಾರನ್ನು ಬಗ್ಗಿಸಿದ್ದು ಸೀರೆ ಲಂಗ ಉಟ್ಟವರು ಹತ್ತಿ ಇಳಿಯಲೆಂದು. ಹಿಂಚಕ್ರಕ್ಕೆ ಜಾಲರಿ ಹಾಕಿದ್ದು ಸೆರಗು ಸಿಕ್ಕದಿರಲೆಂದು. ಅದು ಉಡುಪಿಗೆ ಮಾಡಿದ ಏರ್ಪಾಟು, ಮೈಯ ಅಳತೆಗೆ ಮಾಡಿದ್ದಲ್ಲ. ಮಾರುಕಟ್ಟೆಗೆ ತಂತಿಬುಟ್ಟಿ ಕಟ್ಟಿಕೊಂಡು ಹೋಗಲು ಅದು ಒಳ್ಳೆಯದೇ. ನೂರು ಕಿಲೋಮೀಟರು ರಸ್ತೆ ತುಳಿಯುವವಳಿಗೆ ಆಗದು. ರೇಸ್ ಸೈಕಲ್ಲಿನಲ್ಲಿಯೂ ಕೆಲವು ಕಂಪನಿಗಳು ಗಂಡಸರ ಫ್ರೇಮಿಗೇ ಗುಲಾಬಿ ಬಣ್ಣ ಬಳಿದು "ಮಹಿಳೆಯರದು" ಎಂದು ಮಾರಿದ್ದುಂಟು. ಬಣ್ಣ ಬಳಿದರೆ ತೋಳು ಉದ್ದವಾಗುವುದಿಲ್ಲ.

ಹೆಣ್ಣುಮಕ್ಕಳಿಗೆ ಆಸಕ್ತಿ ಸಾಲದು ಎಂಬ ಮಾತನ್ನೂ ನಾವು ಒಪ್ಪುವುದಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಚಳವಳಿಯ ಜೊತೆಯಲ್ಲೇ ಹಳ್ಳಿಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು. ಲೇಡೀಸ್ ಸೈಕಲ್ಲುಗಳು ಸಾಲದೆ ಗಂಡಸರ ಸೈಕಲ್ಲುಗಳನ್ನೇ ತುಳಿದರು. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತಕುಟುಂಬಗಳ ಹುಡುಗಿಯರು ರಾಷ್ಟ್ರಮಟ್ಟದ ಓಟಗಳಲ್ಲಿ ಪದಕ ತಂದಿದ್ದಾರೆ. 157 ಸೆಂಟಿಮೀಟರು ಎತ್ತರದ ಇಂಗ್ಲೆಂಡಿನ ಎಮ್ಮಾ ಪೂಲಿ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದು, 2010ರಲ್ಲಿ ಗಡಿಯಾರದೆದುರಿನ ಓಟದಲ್ಲಿ ಜಗತ್ತಿನ ಚಾಂಪಿಯನ್ ಆದರು. ಕಾಲಿನ ಉದ್ದ ಯಾರನ್ನೂ ತಡೆದಿಲ್ಲ.

ದಾರಿ ಹುಡುಕಿದವರೂ ಇದ್ದಾರೆ. ಅಮೆರಿಕದಲ್ಲಿ ಜಾರ್ಜೀನಾ ಟೆರ್ರಿ ಎಂಬ ಯಂತ್ರಶಿಲ್ಪ ಓದಿದ ಹೆಂಗಸು ಮನೆಯ ನೆಲಮಾಳಿಗೆಯಲ್ಲಿ ಫ್ರೇಮು ಬೆಸೆಯಲು ತೊಡಗಿ, 1985ರಲ್ಲಿ ಸ್ವಂತ ಕಂಪನಿ ಕಟ್ಟಿದರು. ಅವರ ಚಿಕ್ಕ ಸೈಕಲ್ಲಿನಲ್ಲಿ ಹಿಂಚಕ್ರ ಎಂದಿನದು, ಮುಂಚಕ್ರ ಮಾತ್ರ 24 ಅಂಗುಲದ್ದು. ಮುಂಚಕ್ರ ಕಿರಿದಾದದ್ದರಿಂದ ಕಾಲ್ಬೆರಳು ತಗುಲದು, ಹ್ಯಾಂಡಲನ್ನು ನಿಜವಾಗಿಯೂ ಹತ್ತಿರ ತರಬಹುದು. ತೈವಾನಿನ ಜೈಂಟ್ ಎಂಬ ಭಾರಿ ಸೈಕಲ್ ಕಂಪನಿಯ ಅಧಿಕಾರಿಣಿ ಬಾನಿ ಟೂ ಅವರಿಗೇ ತಾವು ತುಳಿಯಲು ಹೊರಟಾಗ ತಮ್ಮ ಮೈಗೆ ಒಪ್ಪುವ ಸೈಕಲ್ ಸಿಗಲಿಲ್ಲ. 2008ರಲ್ಲಿ ಲಿವ್ ಎಂಬ ಹೆಸರಿನಲ್ಲಿ ಹೆಂಗಸರ ಸೈಕಲ್ಲುಗಳನ್ನು ಬೇರೆಯಾಗಿ ಮಾಡಿಸಲು ಅವರು ತೊಡಗಿದರು. ಸೈಕಲ್ ಕಾರ್ಖಾನೆಯನ್ನು ನಡೆಸುವವಳಿಗೇ ಸಿಗದಿದ್ದದ್ದು ಗಿರಣಿ ಕಾರ್ಮಿಕನ ಮಗಳಿಗೆ ಎಲ್ಲಿಂದ ಸಿಕ್ಕೀತು!

ಇಷ್ಟೆಲ್ಲ ನಡೆದ ಮೇಲೂ ಅಳತೆ ಯಾರ ಕೈಯಲ್ಲಿದೆ ಎಂಬುದಕ್ಕೆ ಒಂದು ಉದಾಹರಣೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2025ರಲ್ಲಿ ಒಂದು ನಿಯಮ ಹೊರಡಿಸಿತು. 2026ರ ಜನವರಿ 1ರಿಂದ ರಸ್ತೆ ಓಟದ ಸೈಕಲ್ಲಿನ ಹ್ಯಾಂಡಲ್ ಹೊರ ಅಂಚಿನಿಂದ ಹೊರ ಅಂಚಿಗೆ 40 ಸೆಂಟಿಮೀಟರಿಗಿಂತ ಕಿರಿದಾಗಿರಕೂಡದು ಎಂದಿತು. ಗಾಳಿಯನ್ನು ಸೀಳಲೆಂದು ಕೆಲವರು ವಿಪರೀತ ಕಿರಿದಾದ ಹ್ಯಾಂಡಲ್ ಬಳಸುತ್ತಿದ್ದರು, ಅದನ್ನು ತಡೆಯಬೇಕಾಗಿತ್ತು. ಆದರೆ ಭುಜವೇ ಕಿರಿದಾಗಿರುವ ಹೆಣ್ಣುಮಕ್ಕಳಿಗೆ ಕಿರಿದಾದ ಹ್ಯಾಂಡಲ್ ಶೋಕಿಯಲ್ಲ, ಅದೇ ಅವರ ಅಳತೆ. ಓಟಗಾರ್ತಿಯರು ಪ್ರತಿಭಟಿಸಿದ ಮೇಲೆ ಬ್ರೇಕಿನ ಹಿಡಿಗಳ ನಡುವಣ ಅಂತರದ ನಿಯಮ ಸ್ವಲ್ಪ ಸಡಿಲಾಯಿತು. 40 ಸೆಂಟಿಮೀಟರು ಮಾತ್ರ ಹಾಗೆಯೇ ಉಳಿಯಿತು. ನಿಯಮ ಮಾಡುವ ಮೇಜಿನ ಸುತ್ತ ಯಾರ ಭುಜಗಳಿದ್ದವೋ ಅವರ ಅಳತೆಯೇ ಎಲ್ಲರ ಅಳತೆಯಾಯಿತು.

ಹೆಂಗಸರ ಸೈಕಲ್ ಬೇರೆ, ಗಂಡಸರ ಸೈಕಲ್ ಬೇರೆ ಎಂದು ಗೋಡೆ ಕಟ್ಟುವುದೂ ಸರಿಯಲ್ಲ ಎಂಬ ವಾದವಿದೆ. ಸ್ಪೆಷಲೈಜ್ಡ್ ಎಂಬ ಅಮೆರಿಕದ ಕಂಪನಿ ಸಾವಿರಾರು ಜನರ ಅಳತೆ ನೋಡಿ, ಹೆಣ್ಣು ಗಂಡಿನ ನಡುವಣ ವ್ಯತ್ಯಾಸಕ್ಕಿಂತ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸವೇ ದೊಡ್ಡದೆಂದು 2019ರಲ್ಲಿ ಸಾರಿತು. ನಾವು ಇದನ್ನು ತಳ್ಳಿಹಾಕುವುದಿಲ್ಲ. ಐದಡಿಯ ಗಂಡಸರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅವರ ಪಾಡೂ ಇದೇ. ನಮ್ಮ ಬೇಡಿಕೆ ಗುಲಾಬಿ ಬಣ್ಣದ್ದಲ್ಲ. ಚಿಕ್ಕ ಮೈಯವರಿಗೆ ಚಿಕ್ಕ ಚಕ್ರ, ಚಿಕ್ಕ ಕ್ರ್ಯಾಂಕು, ಕಿರಿದಾದ ಹ್ಯಾಂಡಲ್ ಇರುವ ಸೈಕಲ್ ಅದೇ ಬೆಲೆಗೆ ಸಿಗಬೇಕು. ಅದು ಯಾರ ಹೆಸರಿನಲ್ಲಿ ಬಂದರೂ ಸರಿಯೆ.

ಅಂಗಡಿಯವರ ಕಷ್ಟವನ್ನು ನಾವು ಬಲ್ಲೆವು. ನಮ್ಮ ಓದುಗರಲ್ಲಿ ಸಣ್ಣ ವ್ಯಾಪಾರಿಗಳು ಬಹಳ ಮಂದಿ. ಹತ್ತು ಅಳತೆಯ ಸೈಕಲ್ಲುಗಳನ್ನು ತಂದು ನಿಲ್ಲಿಸಿದರೆ ಬಂಡವಾಳ ಅಲ್ಲೇ ಹೂತುಹೋಗುತ್ತದೆ. ಮೇಲಿನ ಸಗಟು ವ್ಯಾಪಾರಿ ಕಳಿಸಿದ್ದನ್ನು ಮಾರುವುದೇ ಅವರ ಹಣೆಬರಹ. ಚಿಕ್ಕ ಚಕ್ರ ತಂದರೆ ಟಯರು ಟ್ಯೂಬು ಎಲ್ಲಿಂದ ತರೋಣ ಎಂದೂ ಅವರು ಕೇಳುತ್ತಾರೆ. ಇದಕ್ಕೆ ಉತ್ತರವಿದೆ. ಇಂದು ಎಲ್ಲ ಊರುಗಳಲ್ಲೂ ಓಡಾಡುವ 27.5 ಅಂಗುಲದ ದಪ್ಪ ಟಯರಿನ ಸೈಕಲ್ಲಿನ ರಿಮ್ಮಿನ ಅಳತೆ 584 ಮಿಲಿಮೀಟರು. ಚಿಕ್ಕ ರೇಸ್ ಸೈಕಲ್ಲುಗಳಿಗೆ ಕೆಲವು ಕಂಪನಿಗಳು ಹಾಕುವುದೂ ಇದೇ ಅಳತೆಯ ರಿಮ್ಮನ್ನು. ತೆಳು ಟಯರನ್ನು ತರಿಸಿಕೊಳ್ಳಬೇಕಾದೀತು, ಆದರೆ ಇದು ಊರಿಗೇ ಗೊತ್ತಿಲ್ಲದ ಚಕ್ರವೇನೂ ಅಲ್ಲ.

ಅಂಗಡಿಯವರು ಇಂದೇ ಮಾಡಬಹುದಾದ ಕೆಲಸವೂ ಇದೆ. ದರ್ಜಿಯ ಹತ್ತಿರ ಹೋದರೆ ಅವನು ಮೊದಲು ಟೇಪು ತೆಗೆಯುತ್ತಾನೆ. ನಲವತ್ತು ಸಾವಿರದ ಸೈಕಲ್ ಮಾರುವವರು ಟೇಪು ತೆಗೆಯುವುದಿಲ್ಲವೇಕೆ? ಕೊಳ್ಳಲು ಬಂದವರನ್ನು ಬರಿಗಾಲಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ತೊಡೆಸಂದಿನಲ್ಲಿ ಒಂದು ಪುಸ್ತಕವನ್ನು ಮಟ್ಟಸವಾಗಿ ಇಟ್ಟುಕೊಳ್ಳಲು ಹೇಳಿ, ನೆಲದಿಂದ ಪುಸ್ತಕದ ಮೇಲಂಚಿಗೆ ಅಳೆಯಬೇಕು. ಅದನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕಿನ ಅಚ್ಚಿನಿಂದ ಸೀಟಿನ ನೆತ್ತಿಗೆ ಇರಬೇಕಾದ ದೂರ ಸ್ಥೂಲವಾಗಿ ಸಿಗುತ್ತದೆ. 68 ಸೆಂಟಿಮೀಟರು ಬಂದರೆ ಸೀಟು 60ರ ಎತ್ತರದಲ್ಲಿರಬೇಕು. ಮೊದಲು ಸೀಟನ್ನು ಅಲ್ಲಿ ನಿಲ್ಲಿಸಿ, ಆಮೇಲೆ ಕೈ ಚಾಚಿಸಿ ನೋಡಬೇಕು. ಮೊಣಕೈ ಸ್ವಲ್ಪ ಬಾಗಿರಬೇಕು, ಬ್ರೇಕಿನ ಹಿಡಿಗೆ ಬೆರಳಿನ ಗಿಣ್ಣು ಸುತ್ತಿಕೊಳ್ಳಬೇಕು. ಹಾಗಾಗದಿದ್ದರೆ ಹ್ಯಾಂಡಲಿನ 100 ಮಿಲಿಮೀಟರಿನ ಕತ್ತನ್ನು ತೆಗೆದು 70–80ರದನ್ನು ಹಾಕಿ, 42ರ ಹ್ಯಾಂಡಲಿಗೆ ಬದಲು 36 ಅಥವಾ 38ರದನ್ನು ಕೊಡಬೇಕು. ಆಗಲೂ ಒಪ್ಪದಿದ್ದರೆ "ಈ ಸೈಕಲ್ ನಿಮಗಲ್ಲಮ್ಮ" ಎಂದು ಹೇಳುವ ಪ್ರಾಮಾಣಿಕತೆ ಬೇಕು. ಒಂದು ವ್ಯಾಪಾರ ಹೋದೀತು, ಹತ್ತು ಗಿರಾಕಿ ಬಂದಾರು.

ಖರ್ಚಿನ ಮಾತಿಗೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದೆ. ನಲವತ್ತು ಸಾವಿರ ಮೂಲಬೆಲೆಯ ಸೈಕಲ್ಲಿಗೆ ಇದು 2,800 ರೂಪಾಯಿ. ಈ ಉಳಿತಾಯ ತಯಾರಕನ ಜೇಬಿಗೆ ಹೋಗದೆ ಕತ್ತು, ಹ್ಯಾಂಡಲ್ ಬದಲಿಸುವುದಕ್ಕೆ ಕೊಳ್ಳುವವರ ಕೈಯಲ್ಲಿ ಉಳಿಯಲಿ.

ಕೊಳ್ಳುವ ಬಂಧುಗಳಿಗೂ ಒಂದು ಮಾತು. ಫ್ರೇಮಿನ ಮೇಲೆ "ಸ್ಮಾಲ್" ಎಂದು ಬರೆದದ್ದನ್ನು ನಂಬಬೇಡಿ. ಕಂಪನಿಯ ಅಳತೆಪಟ್ಟಿಯಲ್ಲಿ "ರೀಚ್" ಎಂಬ ಕಲಮನ್ನು ನೋಡಿ. ಕ್ರ್ಯಾಂಕಿನ ಅಚ್ಚಿನಿಂದ ನೇರ ಮೇಲಕ್ಕೆ ಎಳೆದ ಗೆರೆಯಿಂದ ಹ್ಯಾಂಡಲ್ ಕೊಳವೆಯ ನೆತ್ತಿಗೆ ಎಷ್ಟು ಮುಂದಿದೆ ಎಂಬುದು ಅದರಲ್ಲಿರುತ್ತದೆ. ಸೀಟನ್ನು ಹೇಗೆ ಜರುಗಿಸಿದರೂ ಅದು ಬದಲಾಗದು, ಮೋಸಕ್ಕೆ ಸಿಗದು. ಎರಡು ಸೈಕಲ್ಲುಗಳನ್ನು ಹೋಲಿಸುವಾಗ ಅದನ್ನು ಮೊದಲು ನೋಡಿ. ಅರ್ಧ ಗಂಟೆಯಾದರೂ ತುಳಿದು ನೋಡದೆ ಹಣ ಎಣಿಸಬೇಡಿ. "ಅಭ್ಯಾಸವಾಗುತ್ತದೆ" ಎಂಬ ಮಾತಿಗೆ ಮರುಳಾಗಬೇಡಿ. ನೋವಿಗೆ ಅಭ್ಯಾಸವಾಗುವುದು ನಮ್ಮ ವರ್ಗದ ಹಳೆಯ ರೋಗ.

ಕೊನೆಯದಾಗಿ ಸರ್ಕಾರ. 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಡುತ್ತಿತ್ತು. ಕೊರೋನಾ ಕಾಲದಲ್ಲಿ ಅದು ನಿಂತಿತು. ಲಕ್ಷಗಟ್ಟಲೆ ಸೈಕಲ್ಲುಗಳನ್ನು ಒಮ್ಮೆಗೇ ಕೊಳ್ಳುವವರ ಮಾತನ್ನು ಲೂಧಿಯಾನದ ಕಾರ್ಖಾನೆಗಳು ಕೇಳದಿರಲು ಸಾಧ್ಯವೇ? ಅಂಥ ಯೋಜನೆ ಮತ್ತೆ ಬರಬೇಕು. ಬಂದಾಗ ಟೆಂಡರಿನಲ್ಲಿ ಸಂಖ್ಯೆ ಮತ್ತು ದರದ ಜೊತೆಗೆ ಮಕ್ಕಳ ಎತ್ತರದ ಪ್ರಕಾರ ಅಳತೆಗಳನ್ನೂ ಬರೆಯಬೇಕು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ತನ್ನ ಕ್ರೀಡಾನಿಲಯಗಳಿಗೆ ರೇಸ್ ಸೈಕಲ್ ಕೊಳ್ಳುವಾಗ ಹುಡುಗಿಯರನ್ನು ಮೊದಲು ಅಳೆದು, ಆಮೇಲೆ ಬೇಡಿಕೆಪಟ್ಟಿ ಬರೆಯಲಿ. ಜಿಲ್ಲೆಗೊಂದಾದರೂ ಅಳತೆ ನೋಡುವ, ಬಿಡಿಭಾಗ ಬದಲಿಸಿಕೊಡುವ ಸಾರ್ವಜನಿಕ ಕೇಂದ್ರವಿರಲಿ. ಇದಕ್ಕೆ ಬೇಕಾದದ್ದು ಒಂದು ಕೋಣೆ, ಒಂದು ಟೇಪು, ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್.

ನಮ್ಮ ಮಿತ್ರರ ಪ್ರಶ್ನೆಗೆ ನಮ್ಮ ಉತ್ತರ ಇದು: ಮಗಳದು ತಪ್ಪಿಲ್ಲ. ಅವರು ಹೊರಡುವಾಗ ನಾವು ಸೈಕಲ್ಲನ್ನು ಈ ಭಾನುವಾರ ಕಚೇರಿಗೆ ತರಲು ಹೇಳಿದ್ದೇವೆ. ಸೈಕಲ್ ರಿಪೇರಿಯಲ್ಲಿ ಪಳಗಿದ ನಮ್ಮ ಸಂಗಾತಿಯೊಬ್ಬರು ಬರಲು ಒಪ್ಪಿದ್ದಾರೆ. ಬ್ರೇಕಿನ ತಿರುಪು ತಿರುಗಿಸುತ್ತಾರೆ, ಕತ್ತು ಬದಲಿಸುತ್ತಾರೆ, ಚಿಕ್ಕ ಕ್ರ್ಯಾಂಕಿಗೆ ಪತ್ರ ಬರೆಯುತ್ತೇವೆ. ಅಷ್ಟರಿಂದ ಎಲ್ಲವೂ ಸರಿಹೋಗುತ್ತದೆಂದು ನಾವು ಹೇಳಲಾರೆವು. ಚಕ್ರವಂತೂ ಅದೇ ಇರುತ್ತದೆ. ಊರಿನಲ್ಲಿ ಇದೇ ಪಾಡಿನಲ್ಲಿರುವ ಹುಡುಗಿಯರು ಇನ್ನೂ ಇದ್ದರೆ ಅವರೂ ಸೈಕಲ್ ತರಲಿ. ಹತ್ತು ಮಂದಿಯ ಅಳತೆ ಒಂದು ಕಾಗದದ ಮೇಲೆ ಬಂದರೆ ಅಂಗಡಿಯವರೂ ಅದನ್ನು ಸಗಟು ವ್ಯಾಪಾರಿಯ ಮುಂದೆ ಇಟ್ಟು ಕೇಳಬಹುದು, ನಾವೂ ಇಲಾಖೆಯ ಮುಂದೆ ಇಟ್ಟು ಕೇಳಬಹುದು.